ಕಣ್ಣೀರು ಬೇಕು, ಕಸುಬು ಬೇಡ!

ಕಲಾವಿದೆಯರ ಬಗ್ಗೆ, ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಬರುವ ಸಾಕ್ಷ್ಯಚಿತ್ರಗಳಿಗೆ ಈಗ ಒಂದು ಅಚ್ಚು ಸಿದ್ಧವಾಗಿದೆ. ಮೊದಲು ಒಂದು ಹಳೆಯ ಮನೆ. ಗೋಡೆಯ ತುಂಬ ಪ್ರಶಸ್ತಿ ಫಲಕಗಳು. ಜಗಲಿಯಲ್ಲಿ ಕುಳಿತ ವೃದ್ಧೆ. ಹಿನ್ನೆಲೆಯಲ್ಲಿ ಕೊಳಲು. ಆಕೆ ಬಾಲ್ಯದ ಬಡತನವನ್ನು ಹೇಳುತ್ತಾಳೆ, ಮನೆಯವರ ವಿರೋಧವನ್ನು ಹೇಳುತ್ತಾಳೆ. ಗಂಟಲು ಕಟ್ಟುತ್ತದೆ. ಕ್ಯಾಮೆರಾ ಮೆಲ್ಲಗೆ ಆಕೆಯ ಕಣ್ಣಿನ ಹತ್ತಿರಕ್ಕೆ ಸರಿಯುತ್ತದೆ. ಒಂದು ಹನಿ ಉದುರಿತೋ, ಚಿತ್ರ ಗೆದ್ದಂತೆ! ಹಾಗಾದರೆ ಆಕೆಯ ಹಾಡು ಎಲ್ಲಿ? ಅದೂ ಇದೆ. ಇಪ್ಪತ್ತು ಸೆಕೆಂಡು ಕೇಳಿಸಿ, ನಿರೂಪಕನ ದನಿಯ ಅಡಿಯಲ್ಲಿ ಮುಳುಗಿ ಹೋಗಿದೆ.

ಹಾಡಿಯೇ ಬದುಕಿದವಳ ಜೀವನಚಿತ್ರದಲ್ಲಿ ಹಾಡಿಗೇ ಜಾಗವಿಲ್ಲ ಎಂದಾದರೆ ಅದನ್ನು ಸಾಕ್ಷ್ಯಚಿತ್ರ ಎಂದು ಕರೆಯಲು ನಾವು ಸಿದ್ಧರಿಲ್ಲ. ಅದೊಂದು ಅನುಕಂಪದ ಅರ್ಜಿ. ಪುರುಷ ಕಲಾವಿದನ ಮುಂದೆ ಕ್ಯಾಮೆರಾ ಇಟ್ಟಾಗ ಇದೇ ಮಂದಿ ಗುರು ಯಾರು, ಈ ಮಟ್ಟು ಎಲ್ಲಿಂದ ಬಂತು, ಆ ಪ್ರಸಂಗದಲ್ಲಿ ಆ ರಾಗವನ್ನೇ ಯಾಕೆ ಎತ್ತಿಕೊಂಡಿರಿ ಎಂದು ಕೇಳುತ್ತಾರೆ. ಎದುರಿಗಿರುವುದು ಹೆಣ್ಣಾದರೆ ಪ್ರಶ್ನೆ ಬದಲಾಗುತ್ತದೆ: ರಾತ್ರಿ ಹೊರಗೆ ಹೋದಾಗ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು? ಮಂಗಳಮುಖಿಯಾದರೆ ಇನ್ನೊಂದು ಪ್ರಶ್ನೆ: ನಿಮಗೆ ಹೀಗೆ ಅಂತ ಮೊದಲು ಗೊತ್ತಾದದ್ದು ಯಾವಾಗ? ಈ ಪ್ರಶ್ನೆಗಳನ್ನು ಕೇಳಲೇಬಾರದು ಎಂದು ನಾವು ಹೇಳುತ್ತಿಲ್ಲ. ಆದರೆ ಮಾತುಕತೆ ಅಲ್ಲಿಗೇ ಮುಗಿಯುವುದು ಯಾಕೆ?

ಬೆಳ್ತಂಗಡಿ ತಾಲೂಕಿನ ಕೊಕ್ಕಡಕ್ಕೆ ಕ್ಯಾಮೆರಾ ಹೊಸತಲ್ಲ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಊರುಗಳಲ್ಲಿ ಇದೂ ಒಂದು. 1980ರ ದಶಕದಲ್ಲಿ ಶುರುವಾದ ಆ ಸಿಂಪಡಣೆಯ ಫಲವನ್ನು ಇಲ್ಲಿನ ಮನೆಗಳು ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷಕ್ಕೆ ತಡೆ ಹಾಕುವ ಹೊತ್ತಿಗೆ ಕೊಕ್ಕಡದ ಹೆಸರು ಪತ್ರಿಕೆಗಳಲ್ಲಿ, ಟಿವಿಯಲ್ಲಿ ಎಷ್ಟೋ ಸಲ ಬಂದು ಹೋಗಿತ್ತು. ಹಾಸಿಗೆ ಹಿಡಿದ ಮಕ್ಕಳ ಚಿತ್ರಗಳನ್ನು ನಾಡು ನೋಡಿತು. ಆ ಚಿತ್ರಗಳು ಬೇಕಿದ್ದವು. ಅವುಗಳಿಲ್ಲದೆ ಸರಕಾರದ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಅಲ್ಲಿ ಗಾಯವೇ ಸುದ್ದಿ, ಗಾಯವೇ ಸಾಕ್ಷ್ಯ.

ನಮ್ಮ ತಕರಾರು ಇರುವುದು ಆ ಅಭ್ಯಾಸದ ಬಗ್ಗೆ. ಇಂತಹ ಊರುಗಳಿಗೆ ಗಾಯ ಹುಡುಕಿಕೊಂಡು ಬಂದ ಕ್ಯಾಮೆರಾ ಇಲ್ಲಿ ಗಾಯ ಬಿಟ್ಟರೆ ಬೇರೇನೂ ಇಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಅದೇ ಮನೆಯ ಅಜ್ಜಿಗೆ ಗಂಟೆಗಟ್ಟಲೆ ಹಾಡುವಷ್ಟು ಪಾಡ್ದನ ಬಾಯಿಗೆ ಬರುತ್ತದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ನೇಜಿ ನೆಡುವಾಗ ಸಾಲು ಹಿಡಿದು ಬಗ್ಗಿದ ಹೆಂಗಸರಲ್ಲಿ ಒಬ್ಬಾಕೆ ಎತ್ತಿಕೊಟ್ಟು ಉಳಿದವರು ದನಿಗೂಡಿಸುತ್ತಿದ್ದ ಪಾಡ್ದನಗಳು, ಕಬಿತಗಳು ತುಳುನಾಡಿನ ದೊಡ್ಡ ಆಸ್ತಿ. ಬೈಲಿನ ಗದ್ದೆಗಳು ಅಡಿಕೆ ತೋಟಗಳಾದವು, ಗುಡ್ಡಗಳು ರಬ್ಬರ್ ಪಾಲಾದವು. ಗದ್ದೆ ಹೋದ ಮೇಲೆ ನೇಜಿ ಇಲ್ಲ, ನೇಜಿ ಇಲ್ಲದ ಮೇಲೆ ಹಾಡಲು ನೆವವಿಲ್ಲ. ಈಗ ಆ ಹಾಡುಗಳು ಇರುವುದು ಎಪ್ಪತ್ತು ಎಂಬತ್ತು ದಾಟಿದವರ ನೆನಪಿನಲ್ಲಿ ಮಾತ್ರ. ಮನೆಯೊಂದರಲ್ಲಿ ಮುದುಕಿ ತೀರಿಕೊಂಡರೆ ಮೂರನೆಯ ದಿನಕ್ಕೆ ದುಃಖ ಕಡಿಮೆಯಾದೀತು. ಆಕೆಯೊಂದಿಗೆ ಹೋದ ಹಾಡು ಮಾತ್ರ ಹೋದದ್ದೇ.

ಇದು ಆಗದ ಕೆಲಸವೇನಲ್ಲ. ಇದೇ ಬೆಳ್ತಂಗಡಿ ತಾಲೂಕಿನ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರ ತಂಡ ದಾಖಲಿಸಿಕೊಂಡಿತು. ದಿನಗಟ್ಟಲೆ ಕುಳಿತು, ಹಾಡುಗಾರನ ವೇಗಕ್ಕೆ ತಕ್ಕಂತೆ, ಮೊದಲಿನಿಂದ ಕೊನೆಯವರೆಗೆ! 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಪ್ರಕಟವಾಗಿ ಲೋಕದ ವಿದ್ವಾಂಸರ ಗಮನ ಸೆಳೆಯಿತು. ಗೋಪಾಲ ನಾಯ್ಕರ ಬಡತನವನ್ನು ನೋಡಿ ಮರುಗಿ ಹೋಗಿದ್ದರೆ ಆ ಒಂದು ಸಾಲೂ ನಮಗೆ ಸಿಗುತ್ತಿರಲಿಲ್ಲ. ಅವರು ಗೋಪಾಲ ನಾಯ್ಕರನ್ನು ಕವಿ ಎಂದು ಒಪ್ಪಿಕೊಂಡು ಎದುರು ಕುಳಿತರು.

ಆ ಪಾಡ್ದನದ ಸಿರಿ ಯಾರು? ಸತ್ಯನಾಪುರದ ಬಿರ್ಮು ಆಳ್ವರ ಮನೆಯಲ್ಲಿ ಬೆಳೆದವಳು, ಗಂಡ ಕಾಂತು ಪೂಂಜನ ವಂಚನೆಯನ್ನು ಸಹಿಸದೆ ಸಭೆಯ ಮುಂದೆ ಸಂಬಂಧ ಕಡಿದುಕೊಂಡು ಹೊರಟವಳು, ಮುಂದೆ ಕೊಟ್ರಾಡಿಯ ಕೊಡ್ಸರ ಆಳ್ವನನ್ನು ಮದುವೆಯಾದವಳು. ಇಂತಹ ಹೆಣ್ಣನ್ನು ದೈವವೆಂದು ನಂಬಿದ ನೆಲ ಇದು. ಸಿರಿ ಜಾತ್ರೆಯ ರಾತ್ರಿ ನೂರಾರು ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ಸಿರಿಯಾಗಿ, ಆಕೆಯ ಸಂತತಿಯಾಗಿ ಮಾತನಾಡುತ್ತಾರೆ, ಹಾಡುತ್ತಾರೆ. ಆದರೆ ಕ್ಯಾಮೆರಾದವರಿಗೆ ಅಲ್ಲಿ ಕಾಣಿಸುವುದು ಬಿಚ್ಚಿದ ಕೂದಲು, ನಡುಗುವ ಮೈ. ಆಕೆ ಆಗ ಏನು ಹೇಳುತ್ತಿದ್ದಾಳೆ ಎಂದು ತುಳು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಳ್ಳುವ ವ್ಯವಧಾನ ಎಷ್ಟು ಮಂದಿಗಿದೆ? ಕಟೀಲು ಕಡೆಯ ಗಿಡಿಗೆರೆಯ ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ ಎ.ವಿ. ನಾವಡರ ಶ್ರಮದಿಂದ ಪುಸ್ತಕವಾಗಿದೆ. ಅಕ್ಷರ ಕಲಿಯುವ ಅವಕಾಶವನ್ನು ಸಮಾಜ ನಿರಾಕರಿಸಿದ ಸಮುದಾಯದ ಹೆಣ್ಣೊಬ್ಬಳ ಹೆಸರು ಕೃತಿಕರ್ತೆಯಾಗಿ ಹೊದಿಕೆಯ ಮೇಲೆ ಬಂದದ್ದು ಸಣ್ಣ ಸಂಗತಿಯಲ್ಲ. ಅಂತಹವರು ಎಷ್ಟು ಮಂದಿ ಇದ್ದರು, ಎಷ್ಟು ಮಂದಿಯನ್ನು ಕಳೆದುಕೊಂಡೆವು?

ಯಕ್ಷಗಾನಕ್ಕೆ ಬರೋಣ. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಜಾಗಟೆ ಹಿಡಿದ ಮೊದಲ ಮಹಿಳಾ ಭಾಗವತರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಭಾಗವತಿಕೆ ಎಂದರೆ ಹಿಂದೆ ಕುಳಿತು ಪದ ಹೇಳುವುದಷ್ಟೇ ಎಂದು ತಿಳಿದವರಿದ್ದಾರೆ. ಭಾಗವತನನ್ನು ಮೊದಲನೆಯ ವೇಷ ಎನ್ನುವುದು ಸುಮ್ಮನೆ ಅಲ್ಲ. ಇಡೀ ರಾತ್ರಿಯ ಆಟ ಆ ಜಾಗಟೆಯ ಅಳತೆಯಲ್ಲಿ ನಡೆಯುತ್ತದೆ. ಯಾವ ವೇಷಧಾರಿಗೆ ಎಷ್ಟು ಹೊತ್ತು ಕೊಡಬೇಕು, ಎಲ್ಲಿ ಕಾಲ ಏರಿಸಬೇಕು, ನಿದ್ದೆ ಹತ್ತಿದ ಸಭೆಯನ್ನು ಯಾವ ಪದದಿಂದ ಎಬ್ಬಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಭಾಗವತರು. ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ ರಾತ್ರಿ ಹಗಲಾಗುವ ಆ ತಿರುಗಾಟದಲ್ಲಿ, ತಲೆಬೇನೆ ತರುವ ಚೆಂಡೆಯ ಪಕ್ಕದಲ್ಲಿ, ಗಂಡಸರ ಶ್ರುತಿಗೆ ಒಗ್ಗಿದ ಸಭೆಯ ಮುಂದೆ ಒಂದು ಹೆಣ್ಣು ದನಿ ಆ ಅಧಿಕಾರವನ್ನು ಹೇಗೆ ನಡೆಸಿತು? ಇದು ಪ್ರಶ್ನೆ. ಮಹಿಳೆಯಾಗಿ ನಿಮಗೆ ಕಷ್ಟವಾಗಲಿಲ್ಲವೇ ಎಂಬ ಸವಕಲು ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಈಗ ಇಲ್ಲ. ಪುಣ್ಯಕ್ಕೆ ‘ಯಕ್ಷಗಾನ ಲೀಲಾವಳಿ’ ಎಂಬ ಆತ್ಮಕಥನವಾದರೂ ಉಳಿದಿದೆ.

ದೋಷ ಯಂತ್ರದ್ದಲ್ಲ. ಯಂತ್ರ ಇನ್ನೂ ಕೂಸಾಗಿದ್ದಾಗಲೇ ಅದನ್ನು ಆಳಿದ ಹೆಣ್ಣುಮಕ್ಕಳಿದ್ದರು. 1902ರ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪೆನಿಯ ತಂತ್ರಜ್ಞನ ಮುಂದೆ ಹಾಡಿದವರು ಗೌಹರ್ ಜಾನ್. ಭಾರತದಲ್ಲಿ ತಟ್ಟೆಗೆ ಹಾಡಿದ ಮೊದಲಿಗರ ಸಾಲಿನವರು. ಗಂಟೆಗಟ್ಟಲೆ ಬೆಳೆಸುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸುವುದು ಹೇಗೆಂದು ದೊಡ್ಡ ದೊಡ್ಡ ಉಸ್ತಾದರು ತಲೆ ಕೆರೆದುಕೊಳ್ಳುತ್ತಿದ್ದಾಗ ಆಕೆ ಅದನ್ನು ಮಾಡಿ ತೋರಿಸಿದರು. ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬುದು ಅದರ ಕಾರಣ. ಆ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಆ ತಟ್ಟೆಗಳು ಇದ್ದುದರಿಂದ ಇಂದಿಗೂ ಆಕೆಯ ಹಾಡೂ ಇದೆ, ಹೆಸರೂ ಇದೆ. ನೂರಿಪ್ಪತ್ತು ವರ್ಷಗಳ ಹಿಂದಿನ ಆ ಒರಟು ಕೊಂಬಿಗೆ ಇದ್ದ ಮರ್ಯಾದೆ ಇಂದಿನ ಡ್ರೋನ್ ಕ್ಯಾಮೆರಾಕ್ಕೆ ಯಾಕಿಲ್ಲ?

ನಮ್ಮದೇ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದವರು. ಊರಿನ ಹೆಸರನ್ನಲ್ಲ, ನಾಡಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಮುಂಬಯಿಯಲ್ಲಿ ಬೆಳಗಿದ ಈ ಮುಸ್ಲಿಂ ಹೆಣ್ಣುಮಗಳ ಬಾಳನ್ನು ಕನ್ನಡದಲ್ಲಿ ಪುಸ್ತಕವಾಗಿಸಲು ರಹಮತ್ ತರೀಕೆರೆಯವರೇ ಬರಬೇಕಾಯಿತು. ಮುಸ್ಲಿಮರು ಕನ್ನಡಕ್ಕೆ ಏನು ಕೊಟ್ಟಿದ್ದಾರೆ ಎಂದು ವೇದಿಕೆಗಳಲ್ಲಿ ಕೇಳುವವರೂ, ಅದಕ್ಕೆ ಶಿಶುನಾಳ ಶರೀಫ, ನಿಸಾರ್ ಅಹಮದ್ ಎಂದು ಎರಡು ಹೆಸರು ಹೇಳಿ ಕೂರುವವರೂ ಈ ಹೆಸರನ್ನು ಬಾಯಿಗೆ ತರುವುದಿಲ್ಲ. ಹಾಡುವ ಹೆಣ್ಣು ಎಂದರೆ ಇಬ್ಬರಿಗೂ ಮುಜುಗರ!

ಹಾಗೆಂದು ಒಳ್ಳೆಯ ಚಿತ್ರಗಳೇ ಬಂದಿಲ್ಲವೆಂದಲ್ಲ. ಸಬಾ ದೀವಾನ್ 2009ರಲ್ಲಿ ಮಾಡಿದ ‘ದಿ ಅದರ್ ಸಾಂಗ್’ ಬನಾರಸಿನ ತವಾಯಿಫರ ಕುರಿತ ಸಾಕ್ಷ್ಯಚಿತ್ರ. ರಸೂಲನ್ ಬಾಯಿ 1935ರಲ್ಲಿ ತಟ್ಟೆಗೆ ಹಾಡಿದ ಒಂದು ಠುಮ್ರಿಯಲ್ಲಿ ಹೆಣ್ಣಿನ ಯೌವನದ ಮೈಯನ್ನು ಹೇಳುವ ಪದವೊಂದಿತ್ತು. ಮುಂದೆ ಪ್ರಚಾರಕ್ಕೆ ಬಂದ ಪಾಠದಲ್ಲಿ ಆ ಜಾಗದಲ್ಲಿ ಹೃದಯ ಎಂಬರ್ಥದ ಪದ ಕುಳಿತಿತ್ತು. ನಿರ್ದೇಶಕಿ ಆ ಒಂದು ಪದದ ಜಾಡು ಹಿಡಿದು ಹೊರಟರು. ಒಂದು ಪದ ಬದಲಾದ ಕತೆಯೊಳಗೆ, ಮರ್ಯಾದಸ್ಥರ ಸಂಗೀತದಿಂದ ಒಂದು ಇಡೀ ಸಮುದಾಯದ ಹೆಣ್ಣುಮಕ್ಕಳನ್ನು ಹೊರದಬ್ಬಿದ ಇತಿಹಾಸ ಕಾಣಿಸಿತು. 1969ರ ಅಹಮದಾಬಾದ್ ಗಲಭೆಯಲ್ಲಿ ರಸೂಲನ್ ಬಾಯಿಯ ಮನೆ ಸುಟ್ಟು ಹೋಗಿತ್ತು. ಆ ಬೆಂಕಿಯನ್ನಷ್ಟೇ ತೋರಿಸಿದ್ದರೆ ನಾವು ಅಯ್ಯೋ ಎಂದು ಎದ್ದು ಹೋಗುತ್ತಿದ್ದೆವು. ಹಾಡನ್ನು ಹಿಡಿದುದರಿಂದ ಏನು ಸುಟ್ಟು ಹೋಯಿತು ಎಂಬುದು ತಿಳಿಯಿತು.

ಈಗ ಲೈಂಗಿಕ ಅಲ್ಪಸಂಖ್ಯಾತರ ವಿಷಯ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನ ಅಂಚಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದ ದೃಶ್ಯ ದೇಶದ ಎಲ್ಲ ಮೊಬೈಲ್‌ಗಳಲ್ಲಿ ಹರಿದಾಡಿತು. ಅದನ್ನು ಹಂಚಿದವರಲ್ಲಿ ಎಷ್ಟು ಮಂದಿ ಮಂಜಮ್ಮ ತಲೆಯ ಮೇಲೆ ಕೊಡ ಹೊತ್ತು ಚೌಡಿಕೆಯ ಪೆಟ್ಟಿಗೆ ಕುಣಿಯುವುದನ್ನು ಪೂರ್ತಿ ನೋಡಿದ್ದಾರೆ? ಮನೆ ಬಿಟ್ಟದ್ದು, ಭಿಕ್ಷೆ ಬೇಡಿದ್ದು, ವಿಷ ಕುಡಿದದ್ದು ಎಲ್ಲರಿಗೂ ಕಂಠಪಾಠ. ಕಾಳವ್ವ ಜೋಗತಿಯಿಂದ ಏನು ಕಲಿತರು, ರೇಣುಕಾ ಯಲ್ಲಮ್ಮನ ಕತೆಯನ್ನು ಆಟವಾಗಿ ಕಟ್ಟುವಾಗ ಏನು ಬಿಟ್ಟರು, ಏನು ಸೇರಿಸಿದರು ಎಂಬುದನ್ನು ಕೇಳಿದವರು ಕಡಿಮೆ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು ಅವರ ನೋವಿಗೆ ಸಿಕ್ಕ ಪರಿಹಾರವೇನಲ್ಲ. ಅವರು ಕಲಾವಿದೆ, ಆ ಕುರ್ಚಿ ಅವರ ವಿದ್ಯೆಗೆ ಸಂದದ್ದು.

ಕಣ್ಣೀರಿನ ರಾಜಕಾರಣ ಎಷ್ಟು ಅಗ್ಗವೆಂಬುದಕ್ಕೆ ಇನ್ನೊಂದು ನಿದರ್ಶನ ಇದೇ ರಾಜ್ಯದಲ್ಲಿದೆ. 2010ರಲ್ಲಿ ಕರ್ನಾಟಕ ಸರಕಾರ ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ಮರುವರ್ಷ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಹಿಜ್ರಾಗಳನ್ನು ಸಂಶಯದಿಂದ ನೋಡಿ ಅವರ ಹೆಸರು, ವಾಸಸ್ಥಳಗಳ ಪಟ್ಟಿ ಇಡಲು ಪೊಲೀಸ್ ಆಯುಕ್ತರಿಗೆ ಅಧಿಕಾರ ಕೊಟ್ಟ ಕಲಮು ಅದು! ಒಂದು ಕೈಯಲ್ಲಿ ಶಾಲು, ಇನ್ನೊಂದು ಕೈಯಲ್ಲಿ ಪೊಲೀಸ್ ರಿಜಿಸ್ಟರು. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಆ ಸಮುದಾಯವನ್ನು ಹೆಸರಿಸುವ ಪದವನ್ನು ತೆಗೆಯಲಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಇವರ ಗುರುತನ್ನು ಮಾನ್ಯ ಮಾಡಿತು, 2021ರಲ್ಲಿ ಕರ್ನಾಟಕ ಸರಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು. ಇವೆಲ್ಲ ಹೋರಾಟದಿಂದ ಬಂದವು. ಯಾವ ಸಾಕ್ಷ್ಯಚಿತ್ರದ ಕೊಳಲಿನಿಂದಲೂ ಬಂದದ್ದಲ್ಲ.

ನಮ್ಮ ಕರಾವಳಿಯ ವಿಪರ್ಯಾಸವನ್ನೂ ಹೇಳಬೇಕು. ಗಂಡಸು ಸೀರೆಯುಟ್ಟು ದಮಯಂತಿಯಾಗಿ ರಂಗಸ್ಥಳಕ್ಕೆ ಬಂದರೆ ನಾವು ಬೆಳಗಿನವರೆಗೆ ಕುಳಿತು ತಲೆದೂಗುತ್ತೇವೆ. ಆ ಕಲಾವಿದರ ಖಾಸಗಿ ಬದುಕಿನ ಬಗ್ಗೆ ಇಲ್ಲಿ ನಾವು ಏನನ್ನೂ ಸೂಚಿಸುತ್ತಿಲ್ಲ. ನಮ್ಮ ಮಾತು ನೋಡುವವರ ಬಗ್ಗೆ. ಅದೇ ಸಭೆ ಮರುದಿನ ಬಸ್ಸಿನಲ್ಲಿ ಮಂಗಳಮುಖಿಯೊಬ್ಬಳ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಪ್ರಯಾಣಿಸುತ್ತದೆ. ಎ. ರೇವತಿಯವರ ಆತ್ಮಕಥನ ದು. ಸರಸ್ವತಿಯವರಿಂದ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದು, ಹೆಗ್ಗೋಡಿನ ಜನಮನದಾಟ ಅದನ್ನು ನಾಟಕವಾಗಿ ಊರೂರಿಗೆ ಒಯ್ದಾಗ ಜನ ಅದನ್ನು ನೋಡಿದರು. ಯಾಕೆ? ಅಲ್ಲಿ ಕತೆಯ ಒಡತಿ ರೇವತಿಯೇ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಮೊದಲು ತೀರ್ಮಾನಿಸಿ ಬರೆದವರು ಅವರೇ.

ನೋವು ತೋರಿಸದಿದ್ದರೆ ಸಮಾಜದ ಮನಸ್ಸು ಕರಗುವುದು ಹೇಗೆ ಎಂದು ಕೇಳುವ ಸಜ್ಜನರಿದ್ದಾರೆ. ಕರಗಿದ ಮನಸ್ಸು ಮರುದಿನ ಮತ್ತೆ ಹೆಪ್ಪುಗಟ್ಟುತ್ತದೆ ಎಂಬುದು ನಮ್ಮ ಅನುಭವ. ಕನಿಕರ ಪಟ್ಟವನು ತಾನು ಮೇಲೆ, ಆಕೆ ಕೆಳಗೆ ಎಂಬ ಮೆಟ್ಟಿಲನ್ನು ಬಿಟ್ಟು ಇಳಿಯುವುದಿಲ್ಲ. ವಿದ್ಯೆಯ ಮುಂದೆ ಮಾತ್ರ ಅವನು ನೆಲಕ್ಕೆ ಬರುತ್ತಾನೆ. ಇನ್ನು ಕೆಲವರು ಹಣವಿಲ್ಲ, ಚಾನೆಲ್‌ನವರು ಅರ್ಧ ಗಂಟೆಗಿಂತ ಹೆಚ್ಚು ಕೊಡುವುದಿಲ್ಲ ಎನ್ನುತ್ತಾರೆ. ತೋರಿಸುವುದು ಅರ್ಧ ಗಂಟೆಯೇ ಇರಲಿ, ತೆಗೆದಿಡುವುದಕ್ಕೆ ಏನು ಅಡ್ಡಿ? ಇಂದು ಪ್ರತಿ ಮನೆಯ ಮೊಬೈಲಿನಲ್ಲಿ ಒಂದು ಪಾಡ್ದನ ಹಿಡಿಸುವಷ್ಟು ಜಾಗವಿದೆ.

ದೋಷ ಹೊರಗಿನವರದ್ದು ಮಾತ್ರವಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹುಡುಗಿಯರಿಗೆ ಹೊಡೆದವರು ಸಂಸ್ಕೃತಿ ಉಳಿಸುತ್ತಿದ್ದೇವೆ ಎಂದರು. ಅವರು ಉಳಿಸಿದ ಒಂದು ಪಾಡ್ದನವನ್ನು ತೋರಿಸಲಿ! ಗಂಡನನ್ನು ಧಿಕ್ಕರಿಸಿದ ಸಿರಿಯನ್ನು ಅವರು ಯಾವ ಸಂಸ್ಕೃತಿಗೆ ಸೇರಿಸುತ್ತಾರೆ? ನಮ್ಮ ಸಮುದಾಯದ ಕಾವಲುಗಾರರೂ ಹಿಂದೆ ಬಿದ್ದಿಲ್ಲ. ಬ್ಯಾರಿ ಮದುವೆ ಮನೆಯ ಮದರಂಗಿ ರಾತ್ರಿಯಲ್ಲಿ ಹೆಂಗಸರು ಸುತ್ತ ನಿಂತು ಕೈತಟ್ಟಿ ಹಾಡುತ್ತಿದ್ದ ಒಪ್ಪನೆ ಪಾಟುಗಳು ಈಗ ಎಷ್ಟು ಮನೆಗಳಲ್ಲಿ ಕೇಳಿಸುತ್ತವೆ? ಕೆಲವರು ಅದು ಸಲ್ಲದು ಎಂದರು, ಕೆಲವರು ಹಳ್ಳಿಗಾಡಿನ ಗೌಜಿ ಎಂದರು. ಇಬ್ಬರ ಮಧ್ಯೆ ದನಿವರ್ಧಕದ ಸಿನಿಮಾ ಹಾಡು ಬಂದು ಕುಳಿತಿತು. ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಿಂದ ಇದೆ. ಆ ಹಾಡು ಬಲ್ಲ ಅಜ್ಜಿಯರು ಅದಕ್ಕಿಂತ ಬಹಳ ಹಿಂದಿನಿಂದ ಇದ್ದರು, ಈಗ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆ. ಮುಖ ತೋರಿಸಲು ಇಷ್ಟವಿಲ್ಲದವರ ದನಿಯನ್ನಾದರೂ ಅವರ ಒಪ್ಪಿಗೆಯಿಂದ ಉಳಿಸಿಕೊಳ್ಳಬಹುದಲ್ಲವೇ?

ಆದ್ದರಿಂದ ಸಾಕ್ಷ್ಯಚಿತ್ರ ತೆಗೆಯಲು ಬರುವವರ ಮುಂದೆ, ಅದಕ್ಕೆ ಹಣ ಕೊಡುವ ಅಕಾಡೆಮಿ, ಇಲಾಖೆಗಳ ಮುಂದೆ ನಾವು ಕೆಲವು ಬೇಡಿಕೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಕಲಾವಿದೆಯ ಒಂದು ಹಾಡನ್ನಾದರೂ, ಒಂದು ಆಟವನ್ನಾದರೂ ತಡೆಯಿಲ್ಲದೆ ಪೂರ್ತಿ ದಾಖಲಿಸಬೇಕು. ಅದರ ಮೇಲೆ ಯಾರ ನಿರೂಪಣೆಯೂ ಬರಬಾರದು. ಎರಡನೆಯದಾಗಿ, ಆಕೆಗೆ ಸಂಭಾವನೆ ಕೊಡಬೇಕು. ಛಾಯಾಗ್ರಾಹಕನಿಗೆ ದಿನಗೂಲಿ, ಕಾರಿಗೆ ಬಾಡಿಗೆ, ಹಾಡುವವಳಿಗೆ ಹಾರ ಮತ್ತು ಹಣ್ಣಿನ ಬುಟ್ಟಿ ಎಂಬ ಲೆಕ್ಕ ಇನ್ನು ಸಾಕು. ಮೂರನೆಯದಾಗಿ, ಬದುಕಿನ ಯಾವ ಭಾಗ ತೆರೆಯ ಮೇಲೆ ಬರಬೇಕು ಎಂಬುದರಲ್ಲಿ ಆಕೆಯ ಮಾತೇ ಕೊನೆಯದಾಗಬೇಕು. ಮನೆಯವರಿಂದ ಗುರುತು ಮರೆಸಿ ಬದುಕುತ್ತಿರುವ ಲೈಂಗಿಕ ಅಲ್ಪಸಂಖ್ಯಾತರ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಚಿತ್ರ ಮುಗಿದ ಮೇಲೂ ಬೇಡ ಎನ್ನುವ ಹಕ್ಕು ಅವರಿಗಿರಬೇಕು. ನಾಲ್ಕನೆಯದಾಗಿ, ಚಿತ್ರದ ಮೊದಲ ಪ್ರದರ್ಶನ ಬೆಂಗಳೂರಿನ ತಂಪು ಸಭಾಂಗಣದಲ್ಲಿ ಆಗುವುದು ಬೇಡ, ಆಕೆಯ ಊರಿನ ಶಾಲೆಯ ಅಂಗಳದಲ್ಲಿ ಆಗಲಿ. ಒಂದು ಪ್ರತಿ ಆ ಊರಿನ ಗ್ರಂಥಾಲಯದಲ್ಲಿ ಉಳಿಯಲಿ.

ಕೊಕ್ಕಡ, ಪಟ್ರಮೆ, ನಿಡ್ಲೆ, ಶಿಶಿಲದ ಮಕ್ಕಳಿಗೆ ತಮ್ಮ ಊರಿನ ಹೆಸರು ಹುಡುಕಿದರೆ ವಿಷದ ಕತೆ ಸಿಗುತ್ತದೆ. ಅದು ಸಿಗಬೇಕು, ಮರೆಯಬಾರದು. ಅದರ ಜೊತೆಗೆ ತಮ್ಮ ಅಜ್ಜಿ ಹಾಡಿದ ಪಾಡ್ದನವೂ, ಅದನ್ನು ಹಾಡಿದವಳ ಹೆಸರಿನೊಂದಿಗೆ, ಮೊದಲ ಪದದಿಂದ ಕೊನೆಯ ಪದದವರೆಗೆ ಸಿಗಬೇಕು. ಹಾಡು ಬಲ್ಲವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಮುಂದಿನ ಮಳೆಗಾಲಕ್ಕೆ ಎಷ್ಟು ಮಂದಿ ಇರುತ್ತಾರೋ ಹೇಳಲಾಗದು.